‘ನಂಬಿಕೆ’ಗೆ ಇಂಗ್ಲಿಷಿನಲ್ಲಿ ಇಷ್ಟೊಂದು ಪದ ಯಾಕೆ? ಲ್ಯಾಟಿನ್ ಬೇರು ಕಲಿತರೆ ಸಾಕಾ?

ಪ್ರಶ್ನೆ: ಮೇಡಂ, ನಾನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿ.ಕಾಂ. ಮುಗಿಸಿ ಈಗ ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ದಿನಕ್ಕೆ 30 ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತೇನೆ. ವಾರ ಕಳೆಯುವಷ್ಟರಲ್ಲಿ ಬೆರಳೆಣಿಕೆಯಷ್ಟು ಉಳಿದಿರುತ್ತವೆ. ಮೊನ್ನೆ ಮಾಕ್ ಟೆಸ್ಟ್‌ನಲ್ಲಿ ಕ್ರೆಡಿಬಲ್, ಕ್ರೆಡ್ಯುಲಸ್, ಇನ್‌ಕ್ರೆಡ್ಯುಲಸ್, ಕ್ರೆಡಿಟಬಲ್ ನಾಲ್ಕನ್ನೂ ತಪ್ಪು ಮಾಡಿದೆ. ನನ್ನ ನೋಟ್ಸ್‌ನಲ್ಲಿ ಎಲ್ಲದರ ಮುಂದೆಯೂ ‘ನಂಬಿಕೆ’ ಅಂತಲೇ ಬರೆದಿತ್ತು. ಕೋಚಿಂಗ್‌ನಲ್ಲಿ ‘ನೂರು ಲ್ಯಾಟಿನ್ ಬೇರು ಕಲಿಯಿರಿ, ಹತ್ತು ಸಾವಿರ ಪದ ತಾನಾಗಿ ಬರುತ್ತವೆ’ ಅನ್ನುತ್ತಾರೆ. ರೂಮ್‌ಮೇಟ್ ಮಾತ್ರ ‘ಅದೆಲ್ಲ ಕಾನ್ವೆಂಟ್‌ನಲ್ಲಿ ಓದಿದವರಿಗೆ, ನಮ್ಮಂಥವರಿಗೆ ಲ್ಯಾಟಿನ್ ಎಲ್ಲಿಂದ ಬರಬೇಕು’ ಅನ್ನುತ್ತಾಳೆ. ಪರೀಕ್ಷೆಗೆ ನಾಲ್ಕು ತಿಂಗಳಿದೆ. ಏನು ಮಾಡಲಿ?

ಉತ್ತರ: ನಿಮಗೆ ಮರೆವು ಜಾಸ್ತಿ ಅನ್ನುವ ಚಿಂತೆ ಇದ್ದ ಹಾಗಿದೆ. ನನಗೆ ಹಾಗನ್ನಿಸಲಿಲ್ಲ. ನಾಲ್ಕು ಪದದ ಮುಂದೆಯೂ ‘ನಂಬಿಕೆ’ ಅಂತ ಬರೆದುಕೊಂಡಿದ್ದೆ ಅಂದಿರಲ್ಲ, ತೊಡಕಿರುವುದು ಅಲ್ಲಿ. ಮನೆಯ ನಾಲ್ಕು ಮಕ್ಕಳಿಗೂ ಒಂದೇ ಹೆಸರಿಟ್ಟು ಕರೆದರೆ ಯಾರು ಓಗೊಡಬೇಕು? ನಿಮ್ಮ ನೆನಪಿಗೆ ಹಿಡಿದುಕೊಳ್ಳಲು ಒಂದು ಹಿಡಿ ಬೇಕು, ಅದನ್ನು ಇನ್ನೂ ಯಾರೂ ಕೊಟ್ಟಿಲ್ಲ ಅಷ್ಟೇ. ನಾನು ತುಮಕೂರಿನಲ್ಲಿ 26 ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಶಿರಾ, ಮಧುಗಿರಿ, ಪಾವಗಡದ ಕಡೆಯಿಂದ ಬಂದ ಮಕ್ಕಳು ಇದೇ ಜಾಗದಲ್ಲಿ ಎಡವಿದ್ದನ್ನು ನೋಡಿದ್ದೇನೆ, ಎದ್ದು ಮುಂದೆ ಹೋಗಿದ್ದನ್ನೂ ನೋಡಿದ್ದೇನೆ.

ಕೋಚಿಂಗ್‌ನವರು ಹೇಳಿದ್ದು ಅರ್ಧ ನಿಜ. ನಿಮ್ಮ ರೂಮ್‌ಮೇಟ್ ಹೇಳಿದ್ದು ಪೂರ್ತಿ ತಪ್ಪು. ಆ ತಪ್ಪನ್ನೇ ಮೊದಲು ಬಿಡಿಸುತ್ತೇನೆ, ಯಾಕೆಂದರೆ ಅದು ನಿಮ್ಮ ಧೈರ್ಯ ಕುಂದಿಸುವ ಮಾತು.

ನೀವು ತಪ್ಪು ಮಾಡಿದ ನಾಲ್ಕೂ ಪದಗಳ ಬೇರು ‘ಕ್ರೇದೆರೆ’ ಅನ್ನುವ ಲ್ಯಾಟಿನ್ ಕ್ರಿಯಾಪದ. ಲ್ಯಾಟಿನ್ ಅಂದರೆ ಹಿಂದಿನ ರೋಮಿನವರ ಭಾಷೆ. ‘ಕ್ರೇದೆರೆ’ಯ ಅರ್ಥ ನಂಬುವುದು. ಈ ಪದಕ್ಕೆ ಸಂಸ್ಕೃತದಲ್ಲಿ ಒಡಹುಟ್ಟಿದ ಪದವೊಂದಿದೆ. ಅದು ನಿಮಗೆ ಚಿಕ್ಕಂದಿನಿಂದ ಗೊತ್ತು: ‘ಶ್ರದ್ಧೆ’. ಎರಡೂ ಸಾವಿರಾರು ವರ್ಷ ಹಿಂದಿನ ಒಂದೇ ಮಾತಿನಿಂದ ಕವಲೊಡೆದವು. ಎರಡರ ಕೊನೆಯಲ್ಲೂ ‘ಇಡು’ ಅನ್ನುವ ಅರ್ಥದ ಧಾತು ಅಡಗಿದೆ. ಮೊದಲ ಭಾಗ ಹೃದಯಕ್ಕೆ ಸಂಬಂಧಪಟ್ಟದ್ದು ಅನ್ನುವುದು ಬಹಳ ಜನ ವಿದ್ವಾಂಸರ ಅಭಿಪ್ರಾಯ. ಅಂದರೆ ‘ಎದೆಯಿಡು’, ‘ಮನಸ್ಸಿಡು’. ‘ಶ್ರದ್ಧೆಯಿಟ್ಟು ಓದು’ ಅಂತ ನಿಮ್ಮ ಮೇಷ್ಟರು ಹೇಳುತ್ತಿದ್ದರಲ್ಲ, ಆಗಲೇ ಕ್ರೆಡಿಟ್‌ನ ಅಕ್ಕನ ಪರಿಚಯ ನಿಮಗಾಗಿತ್ತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ಇಂಗ್ಲಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದರು. ನಮ್ಮ ‘ನಂಬು’ ಆ ಮನೆತನದ್ದಲ್ಲ. ಅದು ನಿಮ್ಮ ಮನೆಯ ತೆಲುಗಿನ ‘ನಮ್ಮು’ವಿನ ನಂಟು. ದಕ್ಷಿಣದ ಈ ಭಾಷೆಗಳದ್ದು ಬೇರೆಯದೇ ಕುಟುಂಬ ಅಂತ 1816ರಲ್ಲಿ ಮದ್ರಾಸಿನ ಅಧಿಕಾರಿ ಎಲಿಸ್ ತೋರಿಸಿಕೊಟ್ಟರು. ಹಾಗಾಗಿ ನಿಮ್ಮ ಹತ್ತಿರ ಎರಡು ಕುಟುಂಬಗಳ ಪದ ಈಗಾಗಲೇ ಇವೆ. ಬರಿಗೈಯಲ್ಲಿ ನೀವು ಬಂದಿಲ್ಲ.

ಇನ್ನೊಂದು ನೋಡಿ. ‘ವಿಶ್ವಾಸ’ದ ಮುಂದೆ ‘ಅ’ ಸೇರಿಸಿದರೆ ‘ಅವಿಶ್ವಾಸ’. ‘ಅರ್ಹ’ದಂಥ ಸ್ವರದಿಂದ ಶುರುವಾಗುವ ಪದವಾದರೆ ಆ ‘ಅ’ ‘ಅನ್’ ಆಗಿ ‘ಅನರ್ಹ’ ಆಗುತ್ತದೆ. ಇಂಗ್ಲಿಷಿನ ‘ಅನ್‌ಬಿಲೀವಬಲ್’ನಲ್ಲಿರುವ ‘ಅನ್’, ಲ್ಯಾಟಿನ್ನಿನಿಂದ ಬಂದ ‘ಇನ್‌ಕ್ರೆಡಿಬಲ್’ನ ‘ಇನ್’, ಗ್ರೀಕಿನಿಂದ ಬಂದ ‘ಏಥೀಯಿಸ್ಟ್’ (ನಾಸ್ತಿಕ) ಪದದ ಮೊದಲಕ್ಷರ, ನಮ್ಮ ಈ ‘ಅ’, ನಾಲ್ಕೂ ಹುಟ್ಟಿದ್ದು ಒಂದೇ ಕಡೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗಲೆಲ್ಲ ಹಿಂದಿನ ಬೆಂಚಿನ ಮಕ್ಕಳ ಮುಖ ಅರಳುತ್ತಿತ್ತು. ನನಗೆ ಪಾಠ ಮಾಡಿದ್ದು ಸಾರ್ಥಕ ಅನ್ನಿಸುತ್ತಿದ್ದ ಗಳಿಗೆ ಅದು.

ಈಗ ಇಷ್ಟೊಂದು ಪದ ಯಾಕೆ ಅನ್ನುವುದಕ್ಕೆ ಬರೋಣ. ಹೈಸ್ಕೂಲಿನಲ್ಲಿ ತತ್ಸಮ-ತದ್ಭವ ಓದಿದ್ದೀರಿ. ಭಕ್ತಿ ತತ್ಸಮ, ಬಕುತಿ ತದ್ಭವ. ಕಾರ್ಯ ತತ್ಸಮ, ಕಜ್ಜ ತದ್ಭವ. ಇಂಗ್ಲಿಷಿನಲ್ಲೂ ಥೇಟ್ ಹಾಗೇ. ‘ಬಿಲೀಫ್’ ಅವರ ಮನೆಯ ಪದ, ನಮ್ಮ ‘ನಂಬಿಕೆ’ ಇದ್ದ ಹಾಗೆ. ಜರ್ಮನ್ ಭಾಷೆಯಲ್ಲಿ ಅದಕ್ಕೆ ನೆಂಟರಿದ್ದಾರೆ, ಅದು ಲ್ಯಾಟಿನ್ನಿನಿಂದ ಬಂದದ್ದಲ್ಲ. 597ರಲ್ಲಿ ರೋಮಿನಿಂದ ಕ್ರೈಸ್ತ ಪಾದ್ರಿಗಳು ಇಂಗ್ಲೆಂಡಿಗೆ ಬಂದರು, ಲ್ಯಾಟಿನ್ ಪ್ರಾರ್ಥನೆ ತಂದರು. ಅವರ ನಂಬಿಕೆಯ ಪ್ರಮಾಣವಚನ ಶುರುವಾಗುವುದೇ ‘ಕ್ರೇದೋ’ ಅಂತ, ಅಂದರೆ ‘ನಾನು ನಂಬುತ್ತೇನೆ’. ಊರಿನವರ ಬಾಯಲ್ಲಿ ಸವೆದು ಅದು ‘ಕ್ರೀಡ್’ ಆಯಿತು. ಅದು ತದ್ಭವ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಬಾಯಲ್ಲಿ ಸವೆದ ಲ್ಯಾಟಿನ್ ಪದಗಳು ಬಂದವು. ‘ಫೀದೆಸ್’ ಅನ್ನುವ ಲ್ಯಾಟಿನ್ ಪದ ಹಾಗೆ ‘ಫೇಥ್’ ಆಗಿ ಬಂತು. ಇದೂ ತದ್ಭವವೇ. ಆಮೇಲೆ ಓದಿದವರು ಲ್ಯಾಟಿನ್ ರೂಪವನ್ನೇ ಹೆಚ್ಚು ಬದಲಾಯಿಸದೆ ಎತ್ತಿಕೊಂಡರು. ನಿಷ್ಠೆ ಅನ್ನುವ ಅರ್ಥದ ‘ಫಿಡೆಲಿಟಿ’ ಅಂಥದ್ದು, ತತ್ಸಮ ಅನ್ನಬಹುದು. ಬಿಲೀಫ್, ಫೇಥ್, ಫಿಡೆಲಿಟಿ ಮೂರೂ ಉಳಿದುಕೊಂಡವು. ಉಳಿದ ಮೇಲೆ ಒಂದೊಂದೂ ಒಂದೊಂದು ಕೆಲಸ ಹಿಡಿಯಿತು.

ಕಲಬೆರಕೆಯೂ ಆಯಿತು. ‘ಅನ್‌ಫೇಥ್‌ಫುಲ್’ ತೆಗೆದುಕೊಳ್ಳಿ. ಮುಂದಿನ ‘ಅನ್’, ಹಿಂದಿನ ‘ಫುಲ್’ ಅವರ ಮನೆಯವು, ನಡುವಿನ ‘ಫೇಥ್’ ಲ್ಯಾಟಿನ್ ಮೂಲದ್ದು. ‘ಡಿಸ್‌ಬಿಲೀಫ್’ನಲ್ಲಿ ಇದು ತಿರುಗುಮುರುಗು, ಲ್ಯಾಟಿನ್ ತಲೆ, ಮನೆಯ ಮೈ. ಇದು ವಿಚಿತ್ರ ಅನ್ನಿಸಿದರೆ ನಮ್ಮ ‘ಅಪನಂಬಿಕೆ’ ನೋಡಿ. ‘ಅಪ’ ಸಂಸ್ಕೃತ, ‘ನಂಬಿಕೆ’ ಕನ್ನಡ. ‘ಮೂಢನಂಬಿಕೆ’ಯೂ ಅಷ್ಟೇ.

ಇನ್ನು ನಿಮ್ಮ ನಾಲ್ಕು ಪದ. ಒಂದು ಸಣ್ಣ ಸನ್ನಿವೇಶ ಮನಸ್ಸಿನಲ್ಲಿ ತಂದುಕೊಳ್ಳಿ. ಸಂಜೆ ಹೊತ್ತು. ಯಾರೋ ಬಂದು ‘ತಿಪಟೂರಲ್ಲಿ ಕೊಬ್ಬರಿ ಬೆಲೆ ಒಂದೇ ರಾತ್ರಿಗೆ ಎರಡರಷ್ಟಾಗಿದೆ’ ಅಂದ. ಸುದ್ದಿ ಮಂಡಿಯಲ್ಲಿ ವ್ಯಾಪಾರ ಮಾಡುವವರಿಂದಲೇ ಬಂದಿದ್ದರೆ ಅದು ಕ್ರೆಡಿಬಲ್, ನಂಬತಕ್ಕದ್ದು. ‘ಇಬಲ್’ ಅನ್ನುವ ಬಾಲಕ್ಕೆ ನಮ್ಮ ‘ತಕ್ಕ’ ಅನ್ನಿ, ಸರಿಹೋಗುತ್ತದೆ. ದಾರಿಹೋಕ ಹೇಳಿದ್ದಾದರೆ ಇನ್‌ಕ್ರೆಡಿಬಲ್, ನಂಬಲಾಗದ್ದು. ಜಗುಲಿಯಲ್ಲಿ ಕೂತ ಪಕ್ಕದ ಮನೆಯವನು ಹಿಂದೆಮುಂದೆ ನೋಡದೆ ಆಗಲೇ ಲಾರಿ ಗೊತ್ತುಮಾಡಲು ಹೊರಟ. ಅವನು ಕ್ರೆಡ್ಯುಲಸ್. ಬೆಳ್ಳಗಿರುವುದೆಲ್ಲ ಹಾಲು ಅಂದುಕೊಳ್ಳುವವನು. ಲ್ಯಾಟಿನ್ನಿನ ‘ಉಲುಸ್’ ಪ್ರತ್ಯಯ ಸ್ವಭಾವ ತೋರಿಸುತ್ತದೆ. ನಿಮ್ಮ ತಾತ ಮಾತ್ರ ಕನ್ನಡಕ ಮೂಗಿನ ತುದಿಗೆ ಇಳಿಸಿ, ಬಂದವನ ಮುಖವನ್ನು ಒಂದು ಗಳಿಗೆ ನೋಡಿದರು. ಆ ನಂಬದ ನೋಟ ಇನ್‌ಕ್ರೆಡ್ಯುಲಸ್.

ಕ್ರೆಡಿಬಲ್, ಇನ್‌ಕ್ರೆಡಿಬಲ್ ಸುದ್ದಿಗೆ ಹೇಳುವ ಮಾತು. ಒಬ್ಬ ಸಾಕ್ಷಿಗೂ ಹೇಳಬಹುದು, ಅವನ ಮಾತು ನಂಬತಕ್ಕದ್ದು ಅನ್ನುವ ಅರ್ಥದಲ್ಲಿ. ಕ್ರೆಡ್ಯುಲಸ್, ಇನ್‌ಕ್ರೆಡ್ಯುಲಸ್ ಕೇಳಿಸಿಕೊಂಡವರಿಗೆ ಹೇಳುವ ಮಾತು. ಬ್ಯಾಂಕ್ ಪರೀಕ್ಷೆಯ ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ಇಷ್ಟು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ.

ಕ್ರೆಡಿಟಬಲ್ ಬೇರೆ ದಾರಿ ಹಿಡಿದ ಪದ. ಅದರ ಒಳಗಿರುವುದು ‘ಕ್ರೆಡಿಟ್’, ಮೆಚ್ಚುಗೆ ಅಥವಾ ಹೆಸರು ಅನ್ನುವ ಅರ್ಥದಲ್ಲಿ. ಹೊಲದ ಕೆಲಸ ಮಾಡಿಕೊಂಡೇ ಓದಿ ಫಸ್ಟ್ ಕ್ಲಾಸ್ ತೆಗೆದ ಹುಡುಗನ ಸಾಧನೆ ಕ್ರೆಡಿಟಬಲ್, ಮೆಚ್ಚತಕ್ಕದ್ದು. ಅಲ್ಲಿ ನಂಬುವ ಪ್ರಶ್ನೆಯೇ ಇಲ್ಲ. ಕಾಗುಣಿತಕ್ಕೂ ಇದರಲ್ಲಿ ಒಂದು ಗುರುತಿದೆ. ಬಾಲ ತೆಗೆದರೆ ಪೂರ್ತಿ ಇಂಗ್ಲಿಷ್ ಪದ ಉಳಿಯುತ್ತಿದ್ದರೆ ಸಾಮಾನ್ಯವಾಗಿ ಬಾಲ ‘ಎ’ಯಿಂದ ಶುರುವಾಗುತ್ತದೆ, ಕ್ರೆಡಿಟಬಲ್, ಬಿಲೀವಬಲ್ ಇದ್ದ ಹಾಗೆ. ‘ಕ್ರೆಡ್’ನಂಥ ತುಂಡು ಉಳಿದರೆ ‘ಐ’ಯಿಂದ. ಇದಕ್ಕೆ ಹೊರತಾದವು ಸಾಕಷ್ಟಿವೆ. ನಿಯಮ ಅಂದುಕೊಳ್ಳಬೇಡಿ, ಗುರುತು ಅಂದುಕೊಳ್ಳಿ.

ಕ್ರೆಡಿಟ್ ವಿಚಾರ ಬಂದದ್ದರಿಂದ ಒಂದು ಮಾತು. ಲ್ಯಾಟಿನ್ನಿನಲ್ಲಿ ‘ಕ್ರೇದಿತುಂ’ ಅಂದರೆ ನಂಬಿ ಕೊಟ್ಟದ್ದು, ಅಂದರೆ ಸಾಲ. ನೀವು ಬಿ.ಕಾಂ. ಓದಿದವರು, ಕ್ರೆಡಿಟರ್ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ನೀವು ಬ್ಯಾಂಕಿನಲ್ಲಿ ಹಣ ಕಟ್ಟಿದಾಗ ‘ಖಾತೆಗೆ ಕ್ರೆಡಿಟ್ ಆಗಿದೆ’ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಆಗ ಕ್ರೆಡಿಟರ್ ನೀವು. ನಂಬಿ ಕೊಟ್ಟವರು ನೀವು. ನಮ್ಮ ಹಳ್ಳಿಗಳ ‘ಕೃಷಿ ಪತ್ತಿನ ಸಹಕಾರ ಸಂಘ’ದ ಬೋರ್ಡಿನಲ್ಲಿರುವ ‘ಪತ್ತು’ ಕೂಡ ಇದೇ. ಒಬ್ಬ ಮನುಷ್ಯನಿಗೆ ಸಾಲ ಕೊಡಬಹುದು ಅನ್ನುವಷ್ಟು ನಂಬಿಕೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂತ ಗೋಡೆಗೆ ಸುಣ್ಣ ಹೊಡೆಸುತ್ತಿದ್ದದ್ದು ನೆನಪಿರಬೇಕು. ಅವರು ಕೊಡುವ ‘ಅಕ್ರೆಡಿಟೇಷನ್’ನಲ್ಲೂ ‘ಕ್ರೆಡ್’ ಕೂತಿದೆ, ಈ ಕಾಲೇಜನ್ನು ನಂಬಬಹುದು ಅನ್ನುವ ಮುದ್ರೆ.

ಎರಡನೇ ಬೇರು ‘ಫೀದೆಸ್’, ನಿಷ್ಠೆ ಬೆರೆತ ನಂಬಿಕೆ. ಇದನ್ನು ಕಲಿಯಲು ತಾಲ್ಲೂಕು ಕಚೇರಿಯ ಮುಂದಿನ ಟೈಪಿಂಗ್ ಅಂಗಡಿ ಸಾಕು. ‘ಅಫಿಡವಿಟ್’ ಅನ್ನುವುದು ಲ್ಯಾಟಿನ್ನಿನಲ್ಲಿ ಒಂದು ಪೂರ್ತಿ ವಾಕ್ಯ: ‘ಆತ ಪ್ರಮಾಣ ಮಾಡಿದ್ದಾನೆ’. ಅದರ ನಡುವೆ ‘ಫಿಡ್’ ಇದೆ ನೋಡಿ. ಕಾಲೇಜಿನಲ್ಲಿ ಬರೆಸಿಕೊಳ್ಳುವ ಬೋನಫೈಡ್ ಸರ್ಟಿಫಿಕೇಟ್, ‘ಒಳ್ಳೆಯ ನಂಬಿಕೆಯಿಂದ’ ಅನ್ನುವ ಎರಡು ಲ್ಯಾಟಿನ್ ಪದ. ‘ಕಾನ್ಫಿಡೆಂಟ್’ ಅಂದರೆ ಪೂರ್ತಿ ನಂಬಿಕೆ ಇರುವವರು. ‘ಡಿಫಿಡೆಂಟ್’ ಅದರ ಎದುರು. ಹಿಂದೆ ಇದಕ್ಕೆ ಬೇರೆಯವರನ್ನು ನಂಬದವರು ಅನ್ನುವ ಅರ್ಥವಿತ್ತು. ಈಗ ತನ್ನ ಮೇಲೆ ತನಗೇ ನಂಬಿಕೆ ಸಾಲದ, ಸಂಕೋಚದ ಮನುಷ್ಯರಿಗೆ ಹೇಳುತ್ತಾರೆ. ‘ಇನ್ಫಿಡೆಲ್’ ಅನ್ಯ ನಂಬಿಕೆಯವರನ್ನು ಜರೆದು ಕರೆಯುತ್ತಿದ್ದ ಪದ, ‘ಪರ್ಫಿಡಿ’ ನಂಬಿಕೆ ದ್ರೋಹ. ಇವೆರಡು ಓದಲು ಗೊತ್ತಿದ್ದರೆ ಸಾಕು.

ಇಲ್ಲಿಯವರೆಗೆ ಕೋಚಿಂಗ್‌ನವರ ಮಾತಿನ ನಿಜವಾದ ಅರ್ಧ. ಉಳಿದರ್ಧ ಯಾಕೆ ಅಪಾಯ ಅಂತ ಹೇಳುತ್ತೇನೆ. ಬೇರು ಪದದ ಹುಟ್ಟು ಹೇಳುತ್ತದೆ. ಆಮೇಲೆ ಅದು ಯಾವ ಊರಿಗೆ ಹೋಗಿ ಹೇಗೆ ಬಾಳಿತು ಅಂತ ಹೇಳುವುದಿಲ್ಲ.

ಇಂಗ್ಲಿಷ್ ಪೇಪರಿನಲ್ಲಿ ಬಸ್ಸಿಗೆ ಕಲ್ಲು ಹೊಡೆದವರನ್ನು ‘ಮಿಸ್ಕ್ರಿಯಂಟ್ಸ್’ ಅಂತ ಬರೆಯುತ್ತಾರೆ, ಕನ್ನಡ ಪೇಪರಿನಲ್ಲಿ ‘ಕಿಡಿಗೇಡಿಗಳು’. ಆ ಪದದೊಳಗೂ ‘ಕ್ರೇದೆರೆ’ ಇದೆ. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥ ತಪ್ಪಾದದ್ದನ್ನು ನಂಬುವವನು, ಅಂದರೆ ಬೇರೆ ಮತದವನು. ತಮ್ಮ ಹಾಗೆ ನಂಬದವನು ಕೆಟ್ಟವನೇ ಅಂತ ಆ ಕಾಲದ ಜನ ಎಣಿಸಿದ್ದರಿಂದ ಪದ ಹೀಗೆ ಜಾರಿತು. ಇವತ್ತು ಬೇರು ನೋಡಿ ‘ತಪ್ಪು ನಂಬಿಕೆಯವನು’ ಅಂತ ಟಿಕ್ ಹಾಕಿದರೆ ಅಂಕ ಹೋಯಿತು. 2002ರಲ್ಲಿ ಪ್ರವಾಸೋದ್ಯಮ ಇಲಾಖೆ ಶುರುಮಾಡಿದ ‘ಇನ್‌ಕ್ರೆಡಿಬಲ್ ಇಂಡಿಯಾ’ ಪ್ರಚಾರ ಇದೆಯಲ್ಲ, ಅದನ್ನು ನಂಬಲಾಗದ ದೇಶ ಅಂತ ಯಾರೂ ಓದುವುದಿಲ್ಲ. ಬೆರಗಾಗುವಷ್ಟು ಚೆನ್ನ ಅಂತ ಓದುತ್ತೇವೆ.

‘ಸ್ಯಾಂಕ್ಷನ್’ ನೀವು ಬ್ಯಾಂಕಿಗೆ ಸೇರಿದ ಮೇಲೂ ದಿನಾ ಬಳಸುವ ಪದ. ಪವಿತ್ರ ಅನ್ನುವ ಅರ್ಥದ ಬೇರಿನದು, ‘ಸೇಂಟ್’ಗೆ ನೆಂಟ. ‘ಲೋನ್ ಸ್ಯಾಂಕ್ಷನ್ ಆಯ್ತು’ ಅಂದರೆ ಮಂಜೂರಾಯಿತು. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಿದರು ಅಂದರೆ ನಿರ್ಬಂಧ. ಒಂದೇ ಪದ, ಎದುರುಬದುರು ಅರ್ಥ. ಇದನ್ನು ತೀರ್ಮಾನಿಸುವುದು ಅಕ್ಕಪಕ್ಕದ ಪದಗಳೇ.

ನೋಡಲು ಒಂದೇ ಥರ ಇದ್ದು ಬೇರೆ ಬೇರಿನವೂ ಇವೆ. ‘ಸೆಕ್ಷನ್’ ಕತ್ತರಿಸು ಅನ್ನುವ ಬೇರಿನದು. ಪಂಥ ಅನ್ನುವ ಅರ್ಥದ ‘ಸೆಕ್ಟ್’ ಹಿಂಬಾಲಿಸು ಅನ್ನುವ ಬೇರಿನದು. ‘ಇನ್’ ಕಂಡಲ್ಲೆಲ್ಲ ‘ಅಲ್ಲ’ ಅಂದುಕೊಂಡರೂ ತಪ್ಪುತ್ತೀರಿ. ಕಾಲೇಜು ಸಮಾರಂಭದ ಕಾರ್ಡಿನಲ್ಲಿ ಪ್ರಾರ್ಥನೆಗೆ ‘ಇನ್‌ವೊಕೇಷನ್’ ಅಂತ ಅಚ್ಚಾಗಿರುತ್ತದೆ. ಅಲ್ಲಿ ‘ಇನ್’ಗೆ ನಿಷೇಧದ ಅರ್ಥವಿಲ್ಲ, ದೇವರನ್ನು ಕರೆಯುವುದು ಅಂತ ಅರ್ಥ. ಇನ್ನು ‘ಸ್ಯಾಕ್ರಿಲೀಜಸ್’. ಪವಿತ್ರವಾದದ್ದನ್ನು ಅಪವಿತ್ರ ಮಾಡುವ ಅನ್ನುವ ಅರ್ಥದ್ದು. ಅದರಲ್ಲಿ ‘ರಿಲಿಜಸ್’ ಇದೆ ಅಂದುಕೊಂಡು ಕಾಗುಣಿತ ತಪ್ಪುವವರು ಇಂಗ್ಲೆಂಡಿನಲ್ಲೂ ಇದ್ದಾರೆ. ಅದರ ಬೇರು ಪವಿತ್ರ ವಸ್ತು ಕದಿಯುವುದು. ರಿಲಿಜಸ್‌ನಲ್ಲಿ ಆರ್ ಆದ ಮೇಲೆ ಇ, ಎಲ್ ಆದ ಮೇಲೆ ಐ. ಸ್ಯಾಕ್ರಿಲೀಜಸ್‌ನಲ್ಲಿ ಅದಲುಬದಲು, ಆರ್ ಆದ ಮೇಲೆ ಐ, ಎಲ್ ಆದ ಮೇಲೆ ಇ. ಒಂದು ಸಲ ಕೈಯಲ್ಲಿ ಬರೆದು ನೋಡಿ.

‘ರಿಲಿಜನ್’ ಪದದ ಬೇರಿನ ಬಗ್ಗೆ ರೋಮಿನವರಿಗೇ ಒಮ್ಮತ ಇರಲಿಲ್ಲ. ಮತ್ತೆ ಮತ್ತೆ ಓದಿ ಮನನ ಮಾಡುವುದು ಅನ್ನುವ ಪದದಿಂದ ಬಂತು ಅಂತ ವಾಗ್ಮಿ ಸಿಸೆರೊ. ಕಟ್ಟುವುದು ಅನ್ನುವ ಪದದಿಂದ ಅಂತ ಆಮೇಲಿನ ಕ್ರೈಸ್ತ ಲೇಖಕ ಲ್ಯಾಕ್ಟಾಂಷಿಯಸ್. ‘ಸೂಪರ್‌ಸ್ಟಿಷನ್’ ಬಿಡಿಸಿದರೆ ‘ಮೇಲೆ ನಿಲ್ಲುವುದು’ ಅಂತ ಬರುತ್ತದೆ. ಅದರಿಂದ ಮೂಢನಂಬಿಕೆ ಅನ್ನುವ ಅರ್ಥ ಊಹಿಸಲು ಯಾರಿಗೆ ಸಾಧ್ಯ? ಜೊತೆಗೆ ಈ ವಿಷಯದ ಎಷ್ಟೋ ಪದ ಲ್ಯಾಟಿನ್ನೇ ಅಲ್ಲ. ಡಾಗ್ಮಾ (ಪ್ರಶ್ನಿಸದೆ ಒಪ್ಪಬೇಕಾದ ತತ್ವ), ಆರ್ಥಡಾಕ್ಸ್ (ಸಂಪ್ರದಾಯಬದ್ಧ), ಹೆರೆಸಿ (ಮತಕ್ಕೆ ವಿರುದ್ಧವಾದ ನಂಬಿಕೆ) ಗ್ರೀಕಿನವು. ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಅನ್ನುವವರಿಗೆ ಹೇಳುವ ‘ಅಗ್ನಾಸ್ಟಿಕ್’ ಗ್ರೀಕ್ ತುಂಡು ಜೋಡಿಸಿ ವಿಜ್ಞಾನಿ ಹಕ್ಸ್ಲಿ 1869ರಲ್ಲಿ ಕಟ್ಟಿದ ಪದ.

ಈಗ ನಾಲ್ಕು ತಿಂಗಳಲ್ಲಿ ಏನು ಮಾಡಬಹುದು. ಕೋಚಿಂಗ್‌ನ ನೂರು ಬೇರಿನ ಪಟ್ಟಿ ಬಾಯಿಪಾಠ ಮಾಡಬಹುದು. ಬೇಗ ಮುಗಿಯುತ್ತದೆ, ಕಲಿತ ತೃಪ್ತಿಯೂ ಸಿಗುತ್ತದೆ. ಆದರೆ ಆಗಲೇ ಹೇಳಿದ ಹಾಗೆ ಅದು ಊಹೆಯ ಚಟ ಹತ್ತಿಸುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಆ ಚಟ ದುಬಾರಿ. ಎಲ್ಲ ಬಿಟ್ಟು ದಿನಾ ಇಂಗ್ಲಿಷ್ ಪೇಪರ್ ಓದಬಹುದು. ಭಾಷೆ ಬರಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ, ಆದರೆ ಅದು ನಿಧಾನದ ದಾರಿ. ನಾಲ್ಕೇ ತಿಂಗಳಿಗೆ ಅದೊಂದನ್ನೇ ನೆಚ್ಚಿ ಕೂರಬೇಡಿ ಅನ್ನುತ್ತೇನೆ.

ನಾನು ಮಾಡಿಸುತ್ತಿದ್ದದ್ದು ನಡುವಿನ ದಾರಿ. ವಾರಕ್ಕೆ ಒಂದೇ ಕುಟುಂಬ. 200 ಪುಟದ ನೋಟ್‌ಬುಕ್ಕಿನಲ್ಲಿ ಎಡಪುಟದ ನಡುವೆ ಬೇರು ಬರೆಯಿರಿ, ಸುತ್ತ ಎಂಟು ಹತ್ತು ಪದ. ಬಲಪುಟದಲ್ಲಿ ಒಂದೊಂದು ಪದಕ್ಕೂ ಒಂದೊಂದು ವಾಕ್ಯ, ನಿಮ್ಮ ಊರಿನದು, ನಿಮ್ಮ ಮನೆಯದು. ಕೊಬ್ಬರಿ ಸುದ್ದಿಯ ಹಾಗೆ. ಅರ್ಥ ಬರೆಯುವಾಗ ‘ನಂಬಿಕೆ’ ಅನ್ನುವ ಪದ ಬಳಸುವುದೇ ಇಲ್ಲ ಅಂತ ಪಟ್ಟು ಹಿಡಿಯಿರಿ. ನಮ್ಮಲ್ಲಿ ಭರವಸೆ ಇದೆ, ನೆಚ್ಚಿಕೆ ಇದೆ, ನಿಷ್ಠೆ, ಶ್ರದ್ಧೆ, ವಿಶ್ವಾಸ, ಪತ್ತು ಇವೆ. ಟ್ರಸ್ಟ್‌ಗೆ ಭರವಸೆ ಒಗ್ಗುತ್ತದೆ, ಲಾಯಲ್ಟಿಗೆ ನಿಷ್ಠೆ. ಕನ್ನಡದಲ್ಲಿ ಸರಿಯಾದ ಪದ ಹೊಳೆಯದಿದ್ದರೆ ತೆಲುಗಿನಲ್ಲಿ ಬರೆಯಿರಿ, ನಷ್ಟವೇನಿಲ್ಲ. ಪದ ಪೇಪರಿನಲ್ಲೋ ಮಾಕ್ ಟೆಸ್ಟ್‌ನಲ್ಲೋ ಸಿಕ್ಕಾಗ ಆ ವಾಕ್ಯವನ್ನೂ ಅಲ್ಲೇ ಸೇರಿಸಿ. ಬೇರಿನಿಂದ ಊಹಿಸಿದ ಅರ್ಥ ಆ ವಾಕ್ಯದಲ್ಲಿ ಕೂರದಿದ್ದರೆ ಊಹೆ ಬಿಡಿ, ನಿಘಂಟು ತೆಗೆಯಿರಿ.

ಇದರಲ್ಲೂ ಒಂದು ತೊಂದರೆ ಇದೆ. ಮೊದಲ ಮೂರು ವಾರ ಏನೂ ಮುಂದೆ ಹೋಗುತ್ತಿಲ್ಲ ಅನ್ನಿಸುತ್ತದೆ. ದಿನಕ್ಕೆ 30 ಪದ ಮಾಡುತ್ತಿದ್ದವರಿಗೆ ವಾರಕ್ಕೆ ಹತ್ತು ತೀರಾ ಕಡಿಮೆ ಕಾಣುತ್ತದೆ. ಪಕ್ಕದಲ್ಲಿ ಕೂತ ರೂಮ್‌ಮೇಟ್ ಪಟ್ಟಿ ಮುಗಿಸುತ್ತಿದ್ದರೆ ಕಳವಳವೂ ಆಗುತ್ತದೆ. ಆಗ ಹಳೇ ಪುಟ ತಿರುಗಿಸಿ, ಬಲಪುಟ ಮುಚ್ಚಿ, ವಾಕ್ಯ ಬಾಯಲ್ಲಿ ಹೇಳಿ ನೋಡಿ. ಎಷ್ಟು ಉಳಿದಿದೆ ಅಂತ ನಿಮಗೇ ಗೊತ್ತಾಗುತ್ತದೆ.

ಈ ವಾರ ‘ಕ್ರೆಡ್’, ಮುಂದಿನ ವಾರ ‘ಫಿಡ್’. ಮೂರನೇ ವಾರಕ್ಕೆ ನಿಮ್ಮ ಊರಿಗೆ ಒಪ್ಪುವ ಕುಟುಂಬವೊಂದನ್ನು ಕೊಡುತ್ತೇನೆ. ಪಾವಗಡದ ಶನಿಮಹಾತ್ಮನ ದೇವಸ್ಥಾನಕ್ಕೆ ಜನ ಎಲ್ಲೆಲ್ಲಿಂದಲೋ ಹರಕೆ ಹೊತ್ತು ಬರುವುದನ್ನು ನೀವು ನೋಡಿಯೇ ಇರುತ್ತೀರಿ. ಲ್ಯಾಟಿನ್ನಿನಲ್ಲಿ ಹರಕೆಗೆ ‘ವೋತುಂ’ ಅನ್ನುತ್ತಾರೆ. ಹರಕೆ ಅನ್ನುವ ‘ವೌ’, ಮುಡಿಪಿಡು ಅನ್ನುವ ‘ಡಿವೋಟ್’, ಭಕ್ತ ಅನ್ನುವ ‘ಡಿವೋಟೀ’, ಭಕ್ತಿಯುಳ್ಳ ಅನ್ನುವ ‘ಡಿವೌಟ್’, ಚುನಾವಣೆಯಲ್ಲಿ ನಾವು ಹಾಕುವ ‘ವೋಟು’ ಎಲ್ಲವೂ ಅದೇ ಕುಟುಂಬದವು. ಐದಕ್ಕೂ ಒಂದೊಂದು ವಾಕ್ಯ ಬರೆದು ಕಳಿಸಿ, ತಿದ್ದಿ ಕೊಡುತ್ತೇನೆ.